ಖಾಝಿಯ ಪೀಠ ಬರಿದಾದ ಮೇಲೆ



ಕಳೆದ ತಿಂಗಳ ಒಂದು ಜುಮಾದಲ್ಲಿ ನಾವು ಸೂರಃ ಅನ್ನಿಸಾದ 11ನೇ ಸೂಕ್ತದ ಕುರಿತು, ಅಂದರೆ ವಾರಸು ಆಸ್ತಿಯ ಹಂಚಿಕೆಯ ಕುರಿತು ಮಾತನಾಡಿದ್ದೆವು. ನಮಾಝ್ ಮುಗಿದ ಮೇಲೆ ಇಬ್ಬರು ಹಿರಿಯರು ಹತ್ತಿರ ಬಂದು, "ಮೌಲಾನಾ ಸಾಹೇಬರೇ, ನೀವು ಹೇಳಿದ್ದೆಲ್ಲ ಸರಿ. ಆದರೆ ಮನೆಯ ಮಾತನ್ನು ಕೋರ್ಟಿಗೆ ಒಯ್ಯುವುದು ದೀನಿಗೆ ಒಪ್ಪುತ್ತದೆಯೇ? ಶರೀಅತ್ ಇರುವಾಗ ವಕೀಲರೇಕೆ?" ಎಂದು ಕೇಳಿದರು. ಖುತ್ಬಾದ ಹತ್ತು ಹದಿನೈದು ನಿಮಿಷಗಳಲ್ಲಿ ಉತ್ತರಿಸುವ ಪ್ರಶ್ನೆ ಇದಲ್ಲ. ಇದರ ಹಿಂದೆ ಇನ್ನೂರೈವತ್ತು ವರ್ಷಗಳ ಚರಿತ್ರೆ ಇದೆ. ಆ ಚರಿತ್ರೆ ಗೊತ್ತಿಲ್ಲದ ಕಾರಣಕ್ಕೆ ನಾವೇ ಒಮ್ಮೆ ಒಂದು ಮನೆಗೆ ನಷ್ಟ ಮಾಡಿದ್ದೇವೆ. ಅದನ್ನೂ ಇಲ್ಲಿ ಮುಚ್ಚಿಡದೆ ಹೇಳುತ್ತೇವೆ.

ಮೊದಲು ಮದೀನಾಕ್ಕೆ ಹೋಗೋಣ. ಉಹುದ್ ಯುದ್ಧದಲ್ಲಿ ಸಅದ್ ಬಿನ್ ರಬೀಅ್(ರ) ಹುತಾತ್ಮರಾದರು. ಅವರ ಪತ್ನಿ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಪ್ರವಾದಿ(ಸ)ರ ಬಳಿಗೆ ಬಂದರು. ಮಕ್ಕಳ ಚಿಕ್ಕಪ್ಪ ಆಸ್ತಿಯನ್ನೆಲ್ಲ ತೆಗೆದುಕೊಂಡಿದ್ದಾನೆ, ಏನೂ ಇಲ್ಲದ ಈ ಹುಡುಗಿಯರನ್ನು ಯಾರು ಮದುವೆಯಾಗುತ್ತಾರೆ ಎಂದು ದೂರಿದರು. ಪ್ರವಾದಿ(ಸ) ಆ ತಾಯಿಗೆ 'ಸಹಿಸಿಕೋ' ಎಂದು ಹೇಳಿ ಕಳುಹಿಸಲಿಲ್ಲ. ವಾರಸಿನ ಸೂಕ್ತ ಅವತೀರ್ಣವಾದ ಮೇಲೆ ಚಿಕ್ಕಪ್ಪನಿಗೆ ಹೇಳಿ ಕಳುಹಿಸಿದರು: ಮೂರರಲ್ಲಿ ಎರಡು ಪಾಲು ಹೆಣ್ಣುಮಕ್ಕಳಿಗೆ, ಎಂಟರಲ್ಲಿ ಒಂದು ಪಾಲು ಅವರ ತಾಯಿಗೆ ಕೊಡಬೇಕು, ಉಳಿದದ್ದು ಆತನಿಗೆ. ತಿರ್ಮಿದಿ ಮತ್ತು ಅಬೂದಾವೂದ್ ಹದೀಸ್ ಸಂಗ್ರಹಗಳಲ್ಲಿ ಈ ಘಟನೆ ಇದೆ.

ಸಾಬಿತ್ ಬಿನ್ ಖೈಸ್(ರ) ಅವರ ಪತ್ನಿಯೂ ಬಂದರು. ಗಂಡನ ದೀನಿನಲ್ಲಾಗಲಿ ನಡತೆಯಲ್ಲಾಗಲಿ ಅವರಿಗೆ ದೂರಿರಲಿಲ್ಲ. ಆದರೆ ಮನಸ್ಸು ಒಗ್ಗಲಿಲ್ಲ. ಮಹ್ರ್ ಆಗಿ ಸಿಕ್ಕಿದ್ದ ತೋಟವನ್ನು ಹಿಂದಿರುಗಿಸಲು ಒಪ್ಪಿದಾಗ ಪ್ರವಾದಿ(ಸ) ತಲಾಖ್ ಕೊಡುವಂತೆ ಸಾಬಿತ್‌ರಿಗೆ ಹೇಳಿದರು. ಇದೇ ಖುಲಾದ ಮೂಲ. ಇನ್ನೊಬ್ಬ ತಾಯಿ, ಬಿಟ್ಟುಹೋದ ಗಂಡ ಮಗುವನ್ನು ಕಿತ್ತುಕೊಳ್ಳಲು ನೋಡುತ್ತಿದ್ದಾನೆ ಎಂದು ಬಂದರು. ತಾನು ಮರುಮದುವೆಯಾಗುವ ತನಕ ಆ ಮಗುವಿನ ಮೇಲೆ ತಾಯಿಗೇ ಹೆಚ್ಚು ಹಕ್ಕು ಎಂಬ ತೀರ್ಪು ಸಿಕ್ಕಿತು.

ತಲಾಖ್, ಮಕ್ಕಳ ಪಾಲನೆ, ಆಸ್ತಿ. ಇಂದು ನಮ್ಮ ಮಹಲ್ಲಾಗಳಲ್ಲಿ ಮನೆ ಒಡೆಯುವ ಮೂರು ವಿಷಯಗಳೂ ಇವೇ. ಮೂರರಲ್ಲೂ ಒಬ್ಬ ಹೆಣ್ಣುಮಗಳು ಮನೆಯ ಹೊಸ್ತಿಲು ದಾಟಿ, ತೀರ್ಪು ಕೊಡುವ ಅಧಿಕಾರ ಇದ್ದವರ ಮುಂದೆ ನಿಂತಳು. ಅದನ್ನು ಯಾರೂ ಮನೆತನದ ಮಾನ ಹೋಯಿತೆಂದು ಹೇಳಲಿಲ್ಲ.

ಮುಂದೆ ಈ ಕೆಲಸ ಖಾಝಿಗಳ ಪೀಠಕ್ಕೆ ಬಂತು. ಹಝ್ರತ್ ಉಮರ್(ರ) ಕೂಫಾಕ್ಕೆ ಶುರೈಹ್‌ರನ್ನು ಖಾಝಿಯಾಗಿ ನೇಮಿಸಿದ್ದು ಪ್ರಸಿದ್ಧ. ಖಾಝಿ ಕೇವಲ ನಿಕಾಹ್ ಓದುವವರಾಗಿರಲಿಲ್ಲ. ಗಂಡ ಹೆಂಡಿರ ವ್ಯಾಜ್ಯ ಕೇಳುತ್ತಿದ್ದರು, ಅನಾಥರ ಆಸ್ತಿಯ ಮೇಲೆ ಕಣ್ಣಿಡುತ್ತಿದ್ದರು, ಪೋಷಕರಿಲ್ಲದ ಹೆಣ್ಣಿಗೆ ವಲಿಯಾಗುತ್ತಿದ್ದರು, ಸತ್ತವರ ಸಾಲ ತೀರಿಸಿ ಉಳಿದದ್ದನ್ನು ಹಂಚಿಸುತ್ತಿದ್ದರು. ಅವರ ಮಾತಿಗೆ ಸರಕಾರದ ಬಲವಿತ್ತು. ತೀರ್ಪು ಕೇಳದವನನ್ನು ಕೇಳಿಸುವ ಶಕ್ತಿ ಇತ್ತು. ನಮ್ಮ ನಾಡಿನಲ್ಲೂ ಬಹಮನಿಗಳ ಕಲಬುರಗಿ–ಬೀದರಿನಲ್ಲಿ, ಆದಿಲ್‌ಶಾಹಿಗಳ ಬಿಜಾಪುರದಲ್ಲಿ ಖಾಝಿಗಳಿದ್ದರು.

ಆ ಪೀಠ ಬರಿದಾದದ್ದು ಒಂದೇ ದಿನದಲ್ಲಲ್ಲ. 1772ರಲ್ಲಿ ಬಂಗಾಳದಲ್ಲಿ ವಾರೆನ್ ಹೇಸ್ಟಿಂಗ್ಸ್ ಒಂದು ನ್ಯಾಯ ಯೋಜನೆ ತಂದ. ಮದುವೆ, ವಾರಸು ಮತ್ತು ಧಾರ್ಮಿಕ ಆಚಾರಗಳ ವ್ಯಾಜ್ಯಗಳಲ್ಲಿ ಮುಸ್ಲಿಮರಿಗೆ ಕುರ್‌ಆನಿನ ನಿಯಮ, ಹಿಂದೂಗಳಿಗೆ ಶಾಸ್ತ್ರದ ನಿಯಮ ಎಂದು ಅದರಲ್ಲಿತ್ತು. ನ್ಯಾಯಾಧೀಶ ಆಂಗ್ಲನಾದರೂ ಪಕ್ಕದಲ್ಲಿ ಮೌಲವಿಗಳು ಕೂತು ನಿಯಮ ಹೇಳುತ್ತಿದ್ದರು. ಆದರೆ ಆಂಗ್ಲರಿಗೆ ಅವರ ಬಾಯಿಮಾತಿನ ಮೇಲೆ ಭರವಸೆ ಸಾಲಲಿಲ್ಲ. ತಾವೇ ಓದಿಕೊಳ್ಳಲು ಗ್ರಂಥಗಳನ್ನು ಇಂಗ್ಲಿಷಿಗೆ ತಂದರು. 1791ರಲ್ಲಿ ಚಾರ್ಲ್ಸ್ ಹ್ಯಾಮಿಲ್ಟನ್ 'ಹಿದಾಯಾ'ವನ್ನು ಭಾಷಾಂತರಿಸಿದ. 1792ರಲ್ಲಿ ಸರ್ ವಿಲಿಯಂ ಜೋನ್ಸ್ ವಾರಸು ವಿಷಯದ 'ಸಿರಾಜಿ'ಯನ್ನು ತಂದ. ಮದ್ರಸಾದಲ್ಲಿ ನಾವು ಓದಿದ ಅದೇ ಹಿದಾಯಾ, ಅದೇ ಸಿರಾಜಿ. ಅವು ನಮ್ಮ ಮದ್ರಸಾಗಳಲ್ಲಿ ಪಾಠವಾಗಿ ಉಳಿದವು, ಕಚೇರಿಗಳಲ್ಲಿ ಕಾನೂನಾಗಿ ಬೆಳೆದವು. ಎರಡರ ನಡುವೆ ಮಾತುಕತೆ ನಿಂತುಹೋಯಿತು.

1864ರ ಕಾಯ್ದೆಯೊಂದು ಈ ಪಂಡಿತರ, ಮೌಲವಿಗಳ ಹಾಗೂ ಖಾಝಿಗಳ ಸರಕಾರಿ ಹುದ್ದೆಗಳನ್ನೇ ತೆಗೆದುಹಾಕಿತು. ನಿಕಾಹ್ ನಡೆಸಲು ಖಾಝಿಗಳಿಲ್ಲದೆ ಜನರಿಗೆ ತೊಂದರೆಯಾದಾಗ 1880ರಲ್ಲಿ ಖಾಝಿ ಕಾಯ್ದೆ ಬಂತು. ಅದು ಮೊದಲು ಜಾರಿಯಾದದ್ದು ಮದ್ರಾಸ್ ಪ್ರಾಂತ್ಯದಲ್ಲಿ. ನಮ್ಮ ಮಂಗಳೂರು, ಬಳ್ಳಾರಿ ಪ್ರದೇಶಗಳು ಆಗ ಆ ಪ್ರಾಂತ್ಯಕ್ಕೇ ಸೇರಿದ್ದವು. ಸರಕಾರ ಖಾಝಿಯನ್ನು ನೇಮಿಸಬಹುದು ಎಂದಿತು ಕಾಯ್ದೆ. ಆದರೆ ಅದರ 4ನೇ ಕಲಮು, ಹಾಗೆ ನೇಮಕಗೊಂಡವರಿಗೆ ನ್ಯಾಯಾಧೀಶರ ಅಧಿಕಾರವಾಗಲಿ ಆಡಳಿತದ ಅಧಿಕಾರವಾಗಲಿ ಸಿಗುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿತು. ಖಾಝಿ ಎಂಬ ಹೆಸರು ಹಿಂದೆ ಬಂತು. ಪೀಠ ಬರಲಿಲ್ಲ.

ಇದರ ಪೆಟ್ಟು ಮೊದಲು ಬಿದ್ದದ್ದು ಹೆಣ್ಣುಮಕ್ಕಳ ಮೇಲೆ. ಗಂಡ ಎಲ್ಲಿಗೋ ಹೋಗಿ ಹತ್ತು ವರ್ಷವಾದರೂ ಪತ್ತೆಯಿಲ್ಲ. ಇನ್ನೊಬ್ಬ ಮನೆಯಲ್ಲೇ ಇದ್ದಾನೆ, ಅನ್ನ ಹಾಕುವುದಿಲ್ಲ, ತಲಾಖನ್ನೂ ಕೊಡುವುದಿಲ್ಲ. ಹನಫೀ ಫಿಖ್‌ಹಿನಲ್ಲಿ ಇಂಥ ಸ್ತ್ರೀಗೆ ದಾರಿ ಬಹಳ ಇಕ್ಕಟ್ಟಾಗಿತ್ತು. ಇದ್ದ ದಾರಿಗೂ ಖಾಝಿಯ ತೀರ್ಪು ಬೇಕಿತ್ತು. ಖಾಝಿಯೇ ಇಲ್ಲ. ಕಡೆಗೆ ಪಂಜಾಬ್ ಮೊದಲಾದ ಕಡೆ ಕೆಲವು ಸ್ತ್ರೀಯರು ಕಂಡುಕೊಂಡ ದಾರಿ ಕೇಳಿದರೆ ಇಂದಿಗೂ ಎದೆ ನಡುಗುತ್ತದೆ. ಧರ್ಮ ಬಿಟ್ಟರೆ ನಿಕಾಹ್ ತಾನಾಗಿ ಮುರಿಯುತ್ತದೆ ಎಂಬ ನಿಯಮವನ್ನು ಹಿಡಿದು, ಗಂಡನಿಂದ ಬಿಡುಗಡೆ ಪಡೆಯಲು ಅವರು ಇಸ್ಲಾಮನ್ನೇ ತೊರೆದೆವೆಂದು ಕಚೇರಿಯಲ್ಲಿ ಹೇಳಿದರು. ಮನೆಯ ಬಾಗಿಲು ಮುಚ್ಚಿದ್ದಕ್ಕೆ ಅವರು ದೀನಿನ ಬಾಗಿಲಿನಿಂದಲೇ ಹೊರಗೆ ಹೋದರು. ದೋಷ ಅವರೊಬ್ಬರದೇ ಎಂದು ಹೇಳಲು ನಮಗೆ ಬಾಯಿ ಬರುವುದಿಲ್ಲ.

ಆಗ ಉಲಮಾಗಳು ಏನು ಮಾಡಿದರು? ಇಲ್ಲಿಯೇ ನಮ್ಮ ಹಿರಿಯರ ಪ್ರಶ್ನೆಗೆ ಉತ್ತರವಿದೆ. ಮೌಲಾನಾ ಅಶ್ರಫ್ ಅಲಿ ಥಾನ್ವಿ(ರಹ್) ಹನಫೀ ಫಿಖ್‌ಹಿನಲ್ಲಿ ಎಷ್ಟು ಗಟ್ಟಿಯಾಗಿದ್ದವರೆಂದು ಎಲ್ಲರಿಗೂ ಗೊತ್ತು. ಅವರು 1930ರ ದಶಕದ ಆರಂಭದಲ್ಲಿ ಮಾಲಿಕೀ ಮುಫ್ತಿಗಳಿಗೆ ಪತ್ರ ಬರೆದು ಫತ್ವಾ ತರಿಸಿಕೊಂಡರು, ಇತರ ವಿದ್ವಾಂಸರೊಂದಿಗೆ ಸಮಾಲೋಚಿಸಿದರು, 'ಅಲ್ ಹೀಲತುನ್ನಾಜಿಝಾ' ಎಂಬ ಗ್ರಂಥ ಬರೆದರು. ಅಸಹಾಯಕ ಪತ್ನಿಗೆ ಬಿಡುಗಡೆಯ ಉಪಾಯ ಎಂಬುದು ಆ ಹೆಸರಿನ ತಾತ್ಪರ್ಯ. ಇಂಥ ಅಗತ್ಯ ಬಂದಾಗ ಮಾಲಿಕೀ ಮಝ್‌ಹಬಿನ ತೀರ್ಪನ್ನು ಅನುಸರಿಸಬಹುದು ಎಂದು ಅವರು ತೋರಿಸಿಕೊಟ್ಟರು. ತಮ್ಮ ಮಝ್‌ಹಬಿನ ಗೆರೆಗಿಂತ ಒಬ್ಬ ಹೆಣ್ಣುಮಗಳ ಈಮಾನ್ ಅವರಿಗೆ ದೊಡ್ಡದಾಗಿ ಕಂಡಿತು.

ಗ್ರಂಥ ಬರೆದು ಸುಮ್ಮನಾಗಲಿಲ್ಲ. ಜಮೀಅತ್ ಉಲಮಾ ಹಿಂದ್‌ನ ಬೆಂಬಲದೊಂದಿಗೆ ಮುಹಮ್ಮದ್ ಅಹ್ಮದ್ ಕಾಝ್ಮಿಯವರು ದಿಲ್ಲಿಯ ಕೇಂದ್ರ ಶಾಸನಸಭೆಯಲ್ಲಿ ಮಸೂದೆ ಮಂಡಿಸಿದರು. ಅದೇ 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆ. ಗಂಡ ನಾಲ್ಕು ವರ್ಷ ಪತ್ತೆಯಿಲ್ಲದಿದ್ದರೆ, ಎರಡು ವರ್ಷ ಜೀವನಾಂಶ ಕೊಡದಿದ್ದರೆ, ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಸೆರೆಮನೆ ಶಿಕ್ಷೆಗೆ ಒಳಗಾದರೆ, ಕಾರಣವಿಲ್ಲದೆ ಮೂರು ವರ್ಷ ದಾಂಪತ್ಯದ ಹೊಣೆ ನಡೆಸದಿದ್ದರೆ ಪತ್ನಿ ನ್ಯಾಯಾಲಯದಿಂದ ವಿಚ್ಛೇದನ ಕೇಳಬಹುದು. ಕ್ರೌರ್ಯವೂ ಒಂದು ಕಾರಣ. ಹೊಡೆಯುವುದು ಮಾತ್ರ ಕ್ರೌರ್ಯವಲ್ಲ. ಆಕೆಯ ಆಸ್ತಿಯನ್ನು ಮಾರಿಬಿಡುವುದು, ಆಕೆಯ ಧರ್ಮಾಚರಣೆಗೆ ಅಡ್ಡಿ ಮಾಡುವುದು, ಎರಡು ಮದುವೆಯಾಗಿ ಕುರ್‌ಆನ್ ಹೇಳಿದಂತೆ ಸಮನಾಗಿ ನೋಡಿಕೊಳ್ಳದಿರುವುದು ಕೂಡ ಕ್ರೌರ್ಯವೆಂದು ಆ ಕಾಯ್ದೆಯಲ್ಲಿ ಬರೆದಿದೆ. ಹಾಗೆಯೇ, ಧರ್ಮ ಬಿಟ್ಟ ಮಾತ್ರಕ್ಕೆ ಮುಸ್ಲಿಂ ಸ್ತ್ರೀಯ ಮದುವೆ ತಾನಾಗಿ ಮುರಿಯುವುದಿಲ್ಲ ಎಂದೂ ಬರೆದರು.

ಉಲಮಾಗಳು ಕೇಳಿದ್ದೆಲ್ಲ ಸಿಗಲಿಲ್ಲ. ಇಂಥ ಪ್ರಕರಣಗಳನ್ನು ಮುಸ್ಲಿಂ ನ್ಯಾಯಾಧೀಶರೇ ನೋಡಬೇಕೆಂಬ ಅವರ ಬೇಡಿಕೆಯನ್ನು ಶಾಸನಸಭೆ ಒಪ್ಪಲಿಲ್ಲ. ಅದರ ನೋವು ಅವರಿಗಿತ್ತು. ಆದರೂ ಈ ಕಾಯ್ದೆ ಹೊರಗಿನವರು ನಮ್ಮ ಮೇಲೆ ಹೇರಿದ್ದಲ್ಲ. ನಮ್ಮವರೇ ನಮ್ಮ ಹೆಣ್ಣುಮಕ್ಕಳಿಗಾಗಿ ಕೇಳಿ ಪಡೆದದ್ದು. ಗಂಡ ಬಿಟ್ಟುಹೋದ ಒಬ್ಬ ತಂಗಿ ಇಂದು ಈ ಕಾಯ್ದೆ ಹಿಡಿದು ಕೌಟುಂಬಿಕ ನ್ಯಾಯಾಲಯಕ್ಕೆ ಹೋದರೆ ಆಕೆ ಶರೀಅತ್ತನ್ನು ಬಿಟ್ಟು ಹೋದಂತಲ್ಲ. ಉಲಮಾಗಳು ತೆರೆಸಿಕೊಟ್ಟ ಬಾಗಿಲಿನಿಂದಲೇ ಒಳಗೆ ಹೋದಂತೆ.

ಆಸ್ತಿಯ ಕಥೆಯೂ ಹೀಗೆಯೇ. ಪಂಜಾಬಿನಲ್ಲೂ ಇನ್ನು ಕೆಲವು ಕಡೆಗಳಲ್ಲೂ ಮುಸ್ಲಿಮರು ಆಸ್ತಿಯ ವಿಷಯ ಬಂದಾಗ 'ನಮ್ಮ ಕುಲದ ಪದ್ಧತಿ' ಎಂದು ಹೇಳಿ ಹೆಣ್ಣುಮಕ್ಕಳನ್ನು ಹೊರಗಿಡುತ್ತಿದ್ದರು. ಆಂಗ್ಲರ ನ್ಯಾಯಾಲಯಗಳು ಪದ್ಧತಿಯನ್ನೇ ಎತ್ತಿಹಿಡಿಯುತ್ತಿದ್ದವು. ಉಲಮಾಗಳೂ ಸಮುದಾಯದ ಮುಖಂಡರೂ ಸೇರಿ ಇದನ್ನು ವಿರೋಧಿಸಿ 1937ರ ಶರೀಅತ್ ಅನ್ವಯ ಕಾಯ್ದೆಯನ್ನು ತಂದರು. ಪದ್ಧತಿ ಏನೇ ಇರಲಿ, ಮುಸ್ಲಿಮರ ವಾರಸು, ಮದುವೆ, ತಲಾಖ್, ಮಹ್ರ್, ಪೋಷಕತ್ವ ಇವುಗಳಿಗೆ ಶರೀಅತ್ತೇ ನಿಯಮ ಎಂದಾಯಿತು. ಆದರೆ ಕೃಷಿಭೂಮಿಯನ್ನು ಮಾತ್ರ ಹೊರಗಿಟ್ಟರು. ಹೆಚ್ಚಿನವರ ಬಳಿ ಇದ್ದ ಆಸ್ತಿ ಹೊಲ ಗದ್ದೆಯೇ. ದೊಡ್ಡ ಆಸ್ತಿ ಇದ್ದ ಕಡೆಯೇ ಕಾಯ್ದೆ ನಿಂತುಬಿಟ್ಟಿತು. ಮದ್ರಾಸ್ ಪ್ರಾಂತ್ಯ 1949ರಲ್ಲಿ ತನ್ನ ತಿದ್ದುಪಡಿಯಿಂದ ಆ ವಿನಾಯಿತಿಯನ್ನು ತೆಗೆಯಿತು.

ಈ ಎರಡೂ ಕಾಯ್ದೆಗಳು ಆಗ ಬ್ರಿಟಿಷ್ ಭಾರತಕ್ಕೆಂದು ಆದವು. ಧಾರವಾಡ, ಬೆಳಗಾವಿ, ಬಿಜಾಪುರ ಮುಂಬೈ ಪ್ರಾಂತ್ಯದಲ್ಲಿದ್ದವು; ದಕ್ಷಿಣ ಕನ್ನಡ, ಬಳ್ಳಾರಿ ಮದ್ರಾಸಿನಲ್ಲಿ. ಮೈಸೂರು ಸಂಸ್ಥಾನವೂ, ನಿಜಾಮರ ಕೈಯಲ್ಲಿದ್ದ ಕಲಬುರಗಿ, ಬೀದರ್, ರಾಯಚೂರುಗಳೂ ಬೇರೆ. ನಾಡು ಒಂದಾದದ್ದು 1956ರಲ್ಲಿ. ಇಂದು ಈ ಕಾಯ್ದೆಗಳು ನಮಗೆಲ್ಲರಿಗೂ ಸೇರಿದವು. ಆದರೂ ಎಷ್ಟು ಮನೆಗಳ ಪಹಣಿಯಲ್ಲಿ ಅಣ್ಣತಮ್ಮಂದಿರ ಹೆಸರು ಮಾತ್ರ ಇದೆ! ಅಕ್ಕತಂಗಿಯರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಿಸಿಕೊಂಡು, 'ಮದುವೆಯಲ್ಲಿ ಕೊಟ್ಟಾಗಿದೆಯಲ್ಲ' ಎನ್ನುತ್ತಾರೆ. ಮದುವೆಯ ಖರ್ಚು ಮೀರಾಸ್ ಅಲ್ಲ. 1937ರಲ್ಲಿ ಹಿರಿಯರು ಹೋರಾಡಿದ 'ಪದ್ಧತಿ' ನಮ್ಮ ಮನೆಗಳಲ್ಲಿ ಹೆಸರು ಬದಲಿಸಿಕೊಂಡು ಕೂತಿದೆ.

ಈಗ ಪೋಷಕತ್ವದ ವಿಷಯ. ನಾವು ಒಪ್ಪಿಕೊಳ್ಳಬೇಕಾದ ತಪ್ಪು ಇಲ್ಲಿದೆ.

ಕೆಲವು ವರ್ಷಗಳ ಹಿಂದೆ ನಮ್ಮ ಮಹಲ್ಲಾದಲ್ಲಿ ಒಬ್ಬ ಯುವಕ ತೀರಿಕೊಂಡರು. ಹೆಂಡತಿ, ಒಬ್ಬ ಮಗ, ಒಬ್ಬ ಮಗಳು. ಮಕ್ಕಳಿಬ್ಬರೂ ಶಾಲೆಗೆ ಹೋಗುವವರು. ಯುವಕನ ತಂದೆತಾಯಿ ಮೊದಲೇ ಗತಿಸಿದ್ದರು. ಇದ್ದದ್ದು ಒಂದು ಸೈಟು, ಜೊತೆಗೆ ಸಾಲ. ಆ ತಂಗಿ ಇದ್ದತ್ ಮುಗಿಸಿ, ತನ್ನ ಅಣ್ಣನೊಂದಿಗೆ ನಮ್ಮ ಕೋಣೆಗೆ ಬಂದರು. ನಾವು ಸಿರಾಜಿಯ ಲೆಕ್ಕ ಹಾಕಿದೆವು. ಸೈಟನ್ನು 24 ಪಾಲು ಮಾಡಿದರೆ ಪತ್ನಿಗೆ ಎಂಟರಲ್ಲೊಂದು, ಅಂದರೆ 3. ಉಳಿದ 21ರಲ್ಲಿ ಮಗನಿಗೆ 14, ಮಗಳಿಗೆ 7. ಲೆಕ್ಕ ಸರಿಯಾಗಿಯೇ ಇತ್ತು. ಅನಂತರ ಜಮಾಅತಿನ ಹಿರಿಯರೂ ನಾವೂ ಸೇರಿ, ಸೈಟು ಮಾರಿ ಸಾಲ ತೀರಿಸಿ, ಉಳಿದದ್ದರಲ್ಲಿ ಮಕ್ಕಳನ್ನು ಓದಿಸಿ ಎಂದು ಸಲಹೆ ಕೊಟ್ಟೆವು. ಖರೀದಿದಾರರೂ ಸಿಕ್ಕರು. ಕರಾರು ಪತ್ರಕ್ಕೆ ಸಾಕ್ಷಿಯಾಗಿ ನಾವೇ ರುಜು ಹಾಕಿದೆವು. ಮುಂಗಡ ಹಣ ಬಂತು, ಸಾಲಗಾರರಿಗೆ ಹೋಯಿತು.

ಖರೀದಿದಾರರು ಬ್ಯಾಂಕಿನ ಸಾಲಕ್ಕೆ ಹೋದಾಗ ಅಲ್ಲಿನ ವಕೀಲರು ಒಂದೇ ಪ್ರಶ್ನೆ ಕೇಳಿದರು: ಅಪ್ರಾಪ್ತ ಮಕ್ಕಳ ಪಾಲು ಮಾರಲು ನ್ಯಾಯಾಲಯದ ಅನುಮತಿ ಎಲ್ಲಿ? ವ್ಯವಹಾರ ನಿಂತಿತು. ಮುಂಗಡ ಹಿಂದಕ್ಕೆ ಕೊಡಬೇಕಾಯಿತು. ಕೊಡಲು ಹಣವಿರಲಿಲ್ಲ. ಆ ತಂಗಿ ತನ್ನ ಕಿವಿಯೋಲೆ, ಬಳೆ ಮಾರಿದರು. ಉಳಿದದ್ದಕ್ಕೆ ಅಣ್ಣ ಸಾಲ ಮಾಡಿದರು.

ನಾವು ಕೇಳಿ ತಿಳಿದದ್ದು ಆಮೇಲೆ. 24ರಲ್ಲಿ 3 ಪಾಲಿನ ಒಡತಿಯನ್ನು ಮುಂದಿಟ್ಟುಕೊಂಡು ನಾವು 24 ಪಾಲನ್ನೂ ಮಾರಿಸಲು ಹೊರಟಿದ್ದೆವು. 1918ರಲ್ಲೇ ಇಮಾಂಬಂದಿ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಈ ವಿಷಯ ತೀರ್ಮಾನಿಸಿತ್ತು. ತಾಯಿ ಮಕ್ಕಳನ್ನು ಸಾಕಬಹುದು, ಆದರೆ ಮುಸ್ಲಿಂ ಕಾನೂನಿನಂತೆ ಮಕ್ಕಳ ಸ್ಥಿರಾಸ್ತಿಗೆ ಆಕೆ ತಾನಾಗಿ ಪೋಷಕಿಯಲ್ಲ. ಅದನ್ನು ಆಕೆ ಮಾರಿದರೆ ಮಾರಾಟ ನಿಲ್ಲುವುದಿಲ್ಲ. ತಂದೆ, ತಂದೆ ವಸಿಯ್ಯತಿನಲ್ಲಿ ನೇಮಿಸಿದವರು, ಆಮೇಲೆ ತಂದೆಯ ತಂದೆ, ಅವರು ನೇಮಿಸಿದವರು. ಇವರು ಯಾರೂ ಇಲ್ಲವಾದರೆ ನ್ಯಾಯಾಲಯ ನೇಮಿಸಬೇಕು. ಅಣ್ಣ, ಚಿಕ್ಕಪ್ಪ, ಮಾವ ಯಾರಿಗೂ ಆ ಅಧಿಕಾರ ತಾನಾಗಿ ಬರುವುದಿಲ್ಲ. ಹಾಗೆ ನೇಮಿಸಲು 1890ರ ಪೋಷಕರ ಮತ್ತು ಪಾಲಿತರ ಕಾಯ್ದೆ ಇದೆ. ನ್ಯಾಯಾಲಯ ತಾಯಿಯನ್ನೇ ಪೋಷಕಿಯಾಗಿ ನೇಮಿಸಬಹುದು. ನೇಮಕವಾದ ಮೇಲೂ ಮಾರಲು, ಅಡವಿಡಲು ಮತ್ತೆ ಅನುಮತಿ ಬೇಕು.

ಮದ್ರಸಾದಲ್ಲಿ ಫಿಖ್‌ಹ್ ಓದಿದ್ದೆವು, ಕಾಲೇಜಿನಲ್ಲಿ ಬಿ.ಎ. ಮಾಡಿದ್ದೆವು. ಪಾಲು ಹಾಕಲು ಬಂತು, ಪಾಲು ಕಾಯಲು ಬರಲಿಲ್ಲ. ಅನಾಥರ ಆಸ್ತಿಯ ಹತ್ತಿರ ಎಚ್ಚರವಿಲ್ಲದೆ ಹೋಗಬೇಡಿ ಎಂದು ಪವಿತ್ರ ಕುರ್‌ಆನ್ ಎಷ್ಟು ಕಠಿಣವಾಗಿ ಎಚ್ಚರಿಸಿದೆ! ನ್ಯಾಯಾಲಯ ಕೇಳಿದ ಆ ಅನುಮತಿ ಪತ್ರ ಹಳೆಯ ಖಾಝಿ ಅನಾಥರ ಆಸ್ತಿಯ ಮೇಲೆ ಇಡುತ್ತಿದ್ದ ಕಣ್ಣೇ ಅಲ್ಲವೇ? ನಾವು ಅದನ್ನು ಸರಕಾರಿ ಕಿರುಕುಳ ಎಂದುಕೊಂಡಿದ್ದೆವು.

ಕಡೆಗೆ ಆ ತಂಗಿ ತಾಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಸಮಿತಿಗೆ ಹೋದರು. ವಕೀಲರು ಉಚಿತವಾಗಿ ಸಿಕ್ಕರು. ಕೆಲವು ತಿಂಗಳು ಹಿಡಿಯಿತು. ನ್ಯಾಯಾಲಯ ಅವರನ್ನೇ ಪೋಷಕಿಯನ್ನಾಗಿ ನೇಮಿಸಿತು. ಮಾರಾಟಕ್ಕೂ ಅನುಮತಿ ಕೊಟ್ಟಿತು, ಆದರೆ ಮಕ್ಕಳ ಪಾಲಿನ ಹಣ ಅವರು 18 ತುಂಬುವ ತನಕ ಅವರ ಹೆಸರಿನಲ್ಲಿ ಬ್ಯಾಂಕಿನಲ್ಲಿ ಇರಬೇಕೆಂದಿತು. ಸೈಟು ಈ ಸಲ ಮೊದಲಿಗಿಂತ ಒಳ್ಳೆಯ ಬೆಲೆಗೇ ಹೋಯಿತು. ನಾವು ಅವರ ಅಣ್ಣನ ಬಳಿ ಕ್ಷಮೆ ಕೇಳಿದೆವು. ಅವರು, "ನೀವು ಒಳ್ಳೆಯದಕ್ಕೇ ಹೇಳಿದ್ದಿರಿ ಮೌಲಾನಾ" ಎಂದರು. ಅಷ್ಟಕ್ಕೆ ನಮ್ಮ ಹೊಣೆ ಹಗುರವಾಗಲಿಲ್ಲ.

ತಲಾಖಿನ ವಿಷಯದಲ್ಲೂ ಇತ್ತೀಚಿನ ಚರಿತ್ರೆಯನ್ನು ತಿಳಿದಿರಬೇಕು. ದಂಪತಿಗಳ ನಡುವೆ ಒಡಕು ಕಂಡರೆ ಎರಡೂ ಕಡೆಯಿಂದ ಒಬ್ಬೊಬ್ಬ ಮಧ್ಯಸ್ಥರನ್ನು ಕೂರಿಸಬೇಕೆಂದು ಸೂರಃ ಅನ್ನಿಸಾದ 35ನೇ ಸೂಕ್ತ ಹೇಳುತ್ತದೆ. 2002ರಲ್ಲಿ ಶಮೀಮ್ ಆರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹಿಡಿದು, ತಕ್ಕ ಕಾರಣವಿಲ್ಲದೆ, ಮಧ್ಯಸ್ಥಿಕೆಯ ಪ್ರಯತ್ನವಿಲ್ಲದೆ ಕೊಟ್ಟ ತಲಾಖ್ ನಿಲ್ಲುವುದಿಲ್ಲ ಎಂದಿತು. 2017ರ ಆಗಸ್ಟ್‌ನಲ್ಲಿ ಶಾಯರಾ ಬಾನು ಪ್ರಕರಣದಲ್ಲಿ ಐವರು ನ್ಯಾಯಾಧೀಶರಲ್ಲಿ ಮೂವರ ಬಹುಮತದಿಂದ ಒಂದೇ ಉಸಿರಿನ ಮೂರು ತಲಾಖ್ ರದ್ದಾಯಿತು. 2019ರ ಕಾಯ್ದೆ ಅದನ್ನು ಮೂರು ವರ್ಷದವರೆಗಿನ ಸೆರೆವಾಸದ ಅಪರಾಧವಾಗಿಸಿತು. ಆ ಶಿಕ್ಷೆಯ ಕುರಿತು ಸಮುದಾಯದಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ, ಇರಲಿ. ಆದರೆ ಕುರ್‌ಆನ್ ಹೇಳಿದ ಮಧ್ಯಸ್ಥಿಕೆಯನ್ನು ನಾವೇ ಮೊದಲಿನಿಂದ ನಡೆಸಿಕೊಂಡು ಬಂದಿದ್ದರೆ ಇಷ್ಟು ದೂರ ಬರುತ್ತಿತ್ತೇ ಎಂದು ಪ್ರತಿಯೊಂದು ಜಮಾಅತ್ ತನ್ನನ್ನು ಕೇಳಿಕೊಳ್ಳಲಿ.

ಜೀವನಾಂಶದ ಕುರಿತು 1986ರ ಕಾಯ್ದೆ ಬಂದಾಗ, ಇದ್ದತ್ ಮುಗಿದರೆ ಗಂಡನ ಹೊಣೆ ಮುಗಿಯಿತು ಎಂದು ಬಹಳ ಜನ ತಿಳಿದರು. 2001ರಲ್ಲಿ ದಾನಿಯಲ್ ಲತೀಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕೊಡಬೇಕಾದದ್ದು ಇದ್ದತ್ತಿನ ಒಳಗೆ, ಆದರೆ ಅದು ಆಕೆಯ ಮುಂದಿನ ಬದುಕಿಗೂ ಸಾಲುವಷ್ಟಿರಬೇಕು ಎಂದು ಅರ್ಥ ಬಿಡಿಸಿತು. 2024ರ ಜುಲೈಯಲ್ಲಿ, ಇತರ ಸ್ತ್ರೀಯರಂತೆ ಮುಸ್ಲಿಂ ಸ್ತ್ರೀಯೂ ಸಾಮಾನ್ಯ ಕಾನೂನಿನಡಿ ಜೀವನಾಂಶ ಕೇಳಬಹುದು ಎಂದು ಮತ್ತೆ ಸ್ಪಷ್ಟಪಡಿಸಿತು.

ಹಾಗಾದರೆ ಜಮಾಅತಿಗೆ, ದಾರುಲ್ ಖಝಾಕ್ಕೆ ಕೆಲಸವಿಲ್ಲವೇ? ಖಂಡಿತ ಇದೆ. 1921ರಲ್ಲಿ ಬಿಹಾರದಲ್ಲಿ ಮೌಲಾನಾ ಅಬುಲ್ ಮಹಾಸಿನ್ ಸಜ್ಜಾದ್‌ರ ಪ್ರಯತ್ನದಿಂದ ಇಮಾರತೆ ಶರೀಆ ಹುಟ್ಟಿದ್ದು ಬರಿದಾದ ಪೀಠದ ಕೊರತೆ ತುಂಬಲೆಂದೇ. 2014ರಲ್ಲಿ ಸುಪ್ರೀಂ ಕೋರ್ಟ್, ಇಂಥ ದಾರುಲ್ ಖಝಾಗಳು ಕಾನೂನುಬಾಹಿರವಲ್ಲ, ಒಪ್ಪಿ ಬಂದವರ ವ್ಯಾಜ್ಯ ಬಗೆಹರಿಸಬಹುದು, ಆದರೆ ಅವರ ತೀರ್ಪಿಗೂ ಫತ್ವಾಕ್ಕೂ ಕಾನೂನಿನ ಬಲವಿಲ್ಲ ಎಂದಿತು. ಇಬ್ಬರೂ ಒಪ್ಪಿದರೆ ನಮ್ಮ ಕೋಣೆಯಲ್ಲೇ ಸುಲ್ಹ್ ಆಗುತ್ತದೆ, ಅದಕ್ಕಿಂತ ಒಳ್ಳೆಯದಿಲ್ಲ. ಒಬ್ಬರು ಒಪ್ಪದಿದ್ದರೆ ನಮ್ಮ ಮೊಹರಿಗೆ ಅವರನ್ನು ಕಟ್ಟಿಹಾಕುವ ಶಕ್ತಿಯಿಲ್ಲ. ಇದನ್ನು ಮೊದಲ ದಿನವೇ ಹೇಳಿಬಿಡುವುದು ನಮ್ಮಂಥ ಇಮಾಮರ ಅಮಾನತ್.

ಆದ್ದರಿಂದ ಯಾವಾಗ ವಕೀಲರ ಬಳಿ ಹೋಗಬೇಕು ಎಂದು ಕೇಳುವ ಕುಟುಂಬಗಳಿಗೆ ನಮ್ಮ ಅನುಭವದಿಂದ ಇಷ್ಟು ಹೇಳುತ್ತೇವೆ.

ಗಂಡ ಪತ್ತೆಯಿಲ್ಲದಿದ್ದರೆ, ಖರ್ಚು ಕೊಡದಿದ್ದರೆ, ಕೈಮಾಡುತ್ತಿದ್ದರೆ ಕಾಯಬೇಡಿ. ಜೀವಕ್ಕೆ ಅಪಾಯವಿದ್ದಲ್ಲಿ ಮೊದಲು ರಕ್ಷಣೆ, ಆಮೇಲೆ ಪಂಚಾಯಿತಿ. ತಲಾಖ್ ಅಥವಾ ಖುಲಾ ಆಗಿದ್ದರೆ ಬಾಯಿಮಾತಿಗೆ ಬಿಡದೆ ಬರಹದಲ್ಲಿ, ಸಾಕ್ಷಿಗಳ ರುಜುವಿನೊಂದಿಗೆ ಇಟ್ಟುಕೊಳ್ಳಿ, ಆ ಬರಹವನ್ನು ವಕೀಲರಿಗೂ ತೋರಿಸಿ. ನಿಕಾಹ್‌ನಾಮೆಯನ್ನು ಇಬ್ಬರ ಮನೆಯಲ್ಲೂ ಭದ್ರವಾಗಿಡಿ. ಮಕ್ಕಳು ಯಾರ ಬಳಿ ಇರಬೇಕು ಎಂಬ ಜಗಳದಲ್ಲಿ ಮಗುವನ್ನು ಎಳೆದಾಡಬೇಡಿ. ನ್ಯಾಯಾಲಯ ಮೊದಲು ನೋಡುವುದು ಮಗುವಿನ ಹಿತವನ್ನು.

ಮನೆಯ ಯಜಮಾನರು ತೀರಿಕೊಂಡಾಗ ಕಫನ್ ದಫನ್ ಖರ್ಚು, ಆಮೇಲೆ ಸಾಲ, ಆಮೇಲೆ ಮೂರನೇ ಒಂದರ ಒಳಗಿನ ವಸಿಯ್ಯತ್, ಅದಾದ ಮೇಲೆ ವಾರಸುದಾರರು. ಪತ್ನಿಗೆ ಕೊಡದೆ ಉಳಿದ ಮಹ್ರ್ ಕೂಡ ಸಾಲವೇ ಎಂಬುದನ್ನು ಮರೆಯಬೇಡಿ. ವಂಶವೃಕ್ಷ ಮಾಡಿಸುವಾಗ ಹೆಣ್ಣುಮಕ್ಕಳ ಹೆಸರು ಬಿಡಬೇಡಿ. ಬಿಟ್ಟರೆ ಅದು ಸುಳ್ಳು ಸಾಕ್ಷ್ಯ. ಪೌತಿ ಖಾತೆಯನ್ನು ವರ್ಷಗಟ್ಟಲೆ ಮುಂದೂಡಬೇಡಿ. ಬ್ಯಾಂಕ್ ಖಾತೆಯಲ್ಲಿ ನಾಮಿನಿ ಎಂದು ಹೆಸರಿರುವವರು ಹಣ ಪಡೆದುಕೊಳ್ಳುವವರಷ್ಟೇ, ಎಲ್ಲ ವಾರಸುದಾರರ ಹಕ್ಕೂ ಅದರಲ್ಲಿರುತ್ತದೆ. ಅಪ್ರಾಪ್ತ ಮಕ್ಕಳ ಪಾಲಿದ್ದರೆ ನಮ್ಮ ಕಥೆ ನೆನಪಿಟ್ಟುಕೊಂಡು, ಮುಂಗಡ ತೆಗೆದುಕೊಳ್ಳುವ ಮೊದಲೇ ನ್ಯಾಯಾಲಯಕ್ಕೆ ಹೋಗಿ.

ಬದುಕಿರುವಾಗಲೇ ಮಾಡಬೇಕಾದದ್ದೂ ಒಂದಿದೆ. ತಂದೆಗಿಂತ ಮೊದಲೇ ಮಗ ತೀರಿಕೊಂಡು, ಬೇರೆ ಗಂಡುಮಕ್ಕಳಿದ್ದರೆ, ಆ ಮೊಮ್ಮಕ್ಕಳಿಗೆ ವಾರಸಿನಲ್ಲಿ ಪಾಲು ಬರುವುದಿಲ್ಲ. ಅಜ್ಜ ಬದುಕಿರುವಾಗಲೇ ಮೂರನೇ ಒಂದರ ಒಳಗೆ ವಸಿಯ್ಯತ್ ಬರೆದಿಟ್ಟರೆ ಆ ಅನಾಥರು ಬೀದಿಗೆ ಬೀಳುವುದಿಲ್ಲ. 1946ರಲ್ಲಿ ಈಜಿಪ್ಟ್ ಇದನ್ನು ಕಾನೂನಾಗಿಯೇ ಮಾಡಿತು. ನಮ್ಮಲ್ಲಿ ಆ ಕಾನೂನಿಲ್ಲ, ಅಜ್ಜನ ಲೇಖನಿ ಮಾತ್ರ ಇದೆ.

ಖರ್ಚಿಗೆ ಹೆದರುವವರಿಗೆ ಒಂದು ಮಾತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಸ್ತ್ರೀಯರಿಗೂ ಮಕ್ಕಳಿಗೂ, ವರಮಾನ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ತಾಲೂಕು ನ್ಯಾಯಾಲಯದಲ್ಲಿ ಸಮಿತಿ ಇದೆ, 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಇದು ಭಿಕ್ಷೆಯಲ್ಲ, ಹಕ್ಕು.

ನಮಗೆ ಪ್ರಶ್ನೆ ಕೇಳಿದ ಆ ಇಬ್ಬರು ಹಿರಿಯರಿಗೆ ಈ ಬರಹವನ್ನು ಓದಿ ಹೇಳಿದೆವು. ಒಬ್ಬರು ಬಹಳ ಹೊತ್ತು ಸುಮ್ಮನಿದ್ದು, "ನಮ್ಮ ತಂಗಿ ರುಜು ಹಾಕಿ ಇಪ್ಪತ್ತು ವರ್ಷವಾಯಿತು. ಈಗ ಕೊಟ್ಟರೆ ನಡೆಯುತ್ತದೆಯೇ?" ಎಂದು ಕೇಳಿದರು. ಕೊಡುವುದಕ್ಕೆ ತಡವೆಂಬುದಿಲ್ಲ ಎಂದು ಹೇಳಿ, ಯಾವ ಪತ್ರ ಬರೆಸಬೇಕೆಂದು ತಿಳಿಯಲು ಅವರನ್ನು ವಕೀಲರೊಬ್ಬರ ಬಳಿಗೆ ಕಳುಹಿಸಿದೆವು. ಈ ಸಲ ಆ ಲೆಕ್ಕವನ್ನು ನಾವೊಬ್ಬರೇ ಮುಗಿಸಲು ಹೋಗಲಿಲ್ಲ.

ಸಅದ್‌ರ ಹೆಣ್ಣುಮಕ್ಕಳ ಚಿಕ್ಕಪ್ಪನಿಗೆ ಸಿಕ್ಕ ಆಜ್ಞೆ ನಮಗೂ ಸಿಕ್ಕಿದೆ. ಅಲ್ಲಾಹನು ನಮ್ಮ ಮನೆಗಳನ್ನು ಅನಾಥರ ಶಾಪದಿಂದ ಕಾಪಾಡಲಿ, ಕೊಡಬೇಕಾದದ್ದನ್ನು ಬದುಕಿರುವಾಗಲೇ ಕೊಡುವ ಮನಸ್ಸನ್ನು ಕರುಣಿಸಲಿ. ಆಮೀನ್.